ಬಿಲ್ಲೆ ನಂಬರು ಮೂವತ್ತೊಂದು

ಮೀನಿನ ಹುರುಪೆ ಕೆರೆಯಲು ನಮ್ಮಜ್ಜಿ ಬಳಸುತ್ತಿದ್ದದ್ದು
ಒಂದು ಸರ್ಕಾರ.

ಮೊಟ್ಟೆಯಾಕಾರದ ಹಿತ್ತಾಳೆ, ಅಂಗೈಗಿಂತ ಕಿರಿದು.
ನೆತ್ತಿಗೊಂದು ಕಿರೀಟ, ಅದರಡಿ ಇಂಗ್ಲಿಷಿನಲ್ಲಿ
ಬಂದರು ಕಚೇರಿ, ಕಾರವಾರ.
ನಡುವೆ ಆಳವಾಗಿ ಕೊರೆದ ಮೂವತ್ತೊಂದು.
ಕೆಳಗಿನ ಅಂಚನ್ನು ಬಾವಿಕಟ್ಟೆಗೆ ಉಜ್ಜಿ ಉಜ್ಜಿ
ಅಜ್ಜಿಯೇ ಹರಿತ ಮಾಡಿದ್ದಳು.
ಬಂಗಡೆಗೆ ಬೇಡ. ಶೇವಟೆಗೆ, ತಾಂಬೂಸಕ್ಕೆ
ಬೇಕೇ ಬೇಕು.

ಅದನ್ನು ಎದೆಯ ಪಟ್ಟೆಗೆ ಸಿಕ್ಕಿಸಿಕೊಂಡು
ಅಜ್ಜ ಬೈತಖೋಲಿಗೆ ನಡೆಯುತ್ತಿದ್ದ, ಪಟ್ಟೆವಾಲಾ.
ಪುರ್ಸೊ ತಾಂಡೇಲ ಎಂದು ಕರೆದವರು ಕಡಿಮೆ.
ಸಾಹೇಬರ ಬಾಯಲ್ಲಿ ಮೂವತ್ತೊಂದು,
ಗುಮಾಸ್ತರ ಬಾಯಲ್ಲಿ ಮೂವತ್ತೊಂದು,
ಸಿಟ್ಟು ಬಂದ ದಿನ ಮನೆಯಲ್ಲೂ:
ಏ ಮೂವತ್ತೊಂದೇ, ನೀರು ಸೇದು.

ಬಿಲ್ಲೆಯ ಮುಖ ನೋಡಿ ಹೆಂಡದಂಗಡಿಯವ ಉದ್ರಿ ಬರೆಯುತ್ತಿದ್ದ,
ಅಜ್ಜನ ಮುಖ ನೋಡಿ ಅಲ್ಲ.
ಬಿಲ್ಲೆ ಮರೆತು ಹೋದ ಒಂದು ಬೆಳಿಗ್ಗೆ
ಇಪ್ಪತ್ತು ವರ್ಷ ತಾನೇ ತೆರೆದು ಮುಚ್ಚಿದ ಗೇಟಿನಲ್ಲಿ
ಹೊಸ ಕಾವಲುಗಾರ ತಡೆದು ಕೇಳಿದನಂತೆ,
ಯಾರು ನೀನು?
ಅಜ್ಜನಿಗೆ ಉತ್ತರ ಹೊಳೆಯಲಿಲ್ಲ.
ಮನೆಗೆ ಬಂದು ಅದನ್ನೇ ತೆಗೆದುಕೊಂಡು ಹೋದ.

ಪ್ರತಿ ರವಿವಾರ ಮುರುಗಲ ಸಿಪ್ಪೆಯಲ್ಲಿ ತಿಕ್ಕುವುದು.
ಸವೆದು ಸವೆದು ಕಿರೀಟ
ಹಲಸಿನ ಬೀಜದ ಹಾಗಾಯಿತು.
ಬ್ರಿಟಿಷರನ್ನು ಓಡಿಸಿದ್ದರಲ್ಲಿ ಮುರುಗಲ ಹುಳಿಯ ಪಾಲೂ ಇದೆ
ಎನ್ನುವುದು ಅಜ್ಜಿಯ ಇತಿಹಾಸ.
ತಿಕ್ಕುವ ಮೊದಲು ಅದರಲ್ಲೇ ಮೀನು ಕೆರೆಯುತ್ತಿದ್ದಳು,
ಹೇಗೂ ತೊಳೆಯುವುದಿದೆಯಲ್ಲ.
ಸೋಮವಾರ ಸಾಹೇಬರು ಮೂಗು ಅರಳಿಸಿ
ಕಿಟಕಿ ಮುಚ್ಚಿಸುತ್ತಿದ್ದರು,
ಬಂದರಿನ ಗಾಳಿ ಕೆಟ್ಟದ್ದು ಎಂದು.

ನಲವತ್ತೇಳು ಬಂತು, ಬಿಲ್ಲೆ ಬದಲಾಗಲಿಲ್ಲ.
ಹೊಸದು ಮುಂಬಯಿಯಿಂದ ಬರಬೇಕು,
ಮಳೆಗಾಲದಲ್ಲಿ ಹಡಗಿಲ್ಲ, ಆಮೇಲೆ ಕಡತವಿಲ್ಲ.
ಐವತ್ತಾರರಲ್ಲಿ ಮುಂಬಯಿಯೇ ಹೋಗಿ ಮೈಸೂರು ಬಂದು
ತೆಳು ತಗಡಿನಲ್ಲಿ ಎರಡು ತಲೆಯ ಹಕ್ಕಿಯೊಂದನ್ನು ಕೊಟ್ಟರು.
ಅಜ್ಜ ಚಿಮಣಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.
ಒಂದು ತಲೆ ಘಟ್ಟ ನೋಡ್ತದೆ, ಒಂದು ಸಮುದ್ರ.
ಹೊಟ್ಟೆ ಒಂದೇ, ಎಂದ.

ಹಳೆಯದನ್ನು ವಾಪಸು ಕೊಡಬೇಕಿತ್ತು.
ಕಾಳಿ ನದಿ ದಾಟುವಾಗ ದೋಣಿಯಿಂದ ಬಿತ್ತು ಎಂದು ಬರೆಸಿ
ಹೆಬ್ಬೆಟ್ಟು ಒತ್ತಿ, ಹನ್ನೆರಡಾಣೆ ದಂಡ ಕಟ್ಟಿ ಬಂದ.
ಆ ಹೆಬ್ಬೆಟ್ಟೂ ಒಂದು ಮುದ್ರೆಯೇ.
ಅದರಲ್ಲಿ ಕಿರೀಟವಿರಲಿಲ್ಲ, ಹಕ್ಕಿ ಇರಲಿಲ್ಲ,
ನೀರಿನ ಸುಳಿಯಂಥ ಗೆರೆ ಮಾತ್ರ.

ಅಜ್ಜನ ಫೋಟೋ ಇಲ್ಲ.

ಈಗ ಬಿಲ್ಲೆ ನನ್ನ ಬಳಿ, ಕೋಡಿಬಾಗದ ಹೊಲಿಗೆ ಅಂಗಡಿಯಲ್ಲಿ,
ಫ್ಯಾನಿನ ಗಾಳಿಗೆ ಬಟ್ಟೆ ಹಾರದಂತೆ ಭಾರ.
ಶಾಲೆಯ ಕಿಸೆಗೆ ದೀಪ ಮತ್ತು ಪುಸ್ತಕ,
ಬ್ಯಾಂಕಿನ ಕಾವಲುಗಾರನ ಭುಜಕ್ಕೆ ಯಾರದೋ ಹದ್ದು,
ನೌಕಾದಳದ ಹುಡುಗರ ತೋಳಿಗೆ ಲಂಗರು.

ಲಂಗರಿಗೆ ಹಗ್ಗ ಸುತ್ತಿಕೊಂಡಿದೆ, ಗಮನಿಸಿದ್ದೀರಾ?
ನಮ್ಮ ಕೇರಿಯಲ್ಲಿ ಅದು ದೋಣಿಯವನ ಅವಮಾನ.
ಹಾಗೆ ಸಿಕ್ಕಿಸಿಕೊಂಡವನಿಗೆ ವಾರಗಟ್ಟಲೆ
ದಡದಲ್ಲಿ ನಗೆಯ ಊಟ.
ಅದನ್ನೇ ಹೆಮ್ಮೆಯ ಚಿಹ್ನೆ ಮಾಡಿಕೊಂಡವರು ಯಾರೋ,
ಯಾವ ಕಾಲದವರೋ.
ಹೊಲಿಯುವಾಗ ಅವರ ಮೇಲೆ ನನಗೊಂದು ವಿಶ್ವಾಸ.

ಮೊನ್ನೆ ಒಬ್ಬ ಹುಡುಗ, ಸಮುದ್ರವೇ ಇಲ್ಲದ ಊರಿನವ,
ಬಿಲ್ಲೆಯನ್ನು ಕೈಗೆತ್ತಿಕೊಂಡು ತಿರುಗಿಸಿ ತಿರುಗಿಸಿ
ತನ್ನ ಹಿಂದಿಯಲ್ಲಿ ಕೇಳಿದ:
ಇದು ಯಾವ ಪಡೆಯದು?

ನಾನು ದಾರ ಕಚ್ಚಿಕೊಂಡಿದ್ದೆ.
ಅವನೇ ಮೂಗಿನ ಹತ್ತಿರ ಒಯ್ದ.
ಮೂರರ ಹೊಟ್ಟೆಯೊಳಗೆ, ಮೂವತ್ತು ವರ್ಷವಾದರೂ,
ಒಂದು ಹುರುಪೆ ಅಂಟಿಕೊಂಡಿತ್ತು,
ಬೆಳಕಿಗೆ ಹಿಡಿದರೆ ಹೊಳೆಯುವಂಥದ್ದು.

ಅಲ್ಲಿಡು, ಎಂದೆ. ತೋಳು ಈಚೆ ಕೊಡು,
ನಿನ್ನ ಲಂಗರು ಸ್ವಲ್ಪ ವಾಲಿದೆ.