ಷರಾ

ಎರಡು ತಿಂಗಳು, ತಿಂಗಳಿಗೆ ಆರು ಸಾವಿರ,
ಬಿ.ಎ. ಓದುತ್ತಿರುವವರಿಗೆ ಮಾತ್ರ.
ನೋಟಿಸ್ ಬೋರ್ಡಿನ ಗಾಜಿನೊಳಗೆ ಆ ಹಾಳೆ
ಒಂದೇ ಪಿನ್ನಿನಲ್ಲಿ ವಾರೆಯಾಗಿ ತೂಗುತ್ತಿತ್ತು.
'ಕಲ್ಲು ನೋಡಕ್ಕೆ ದುಡ್ಡು ಕೊಡ್ತಾರಾ?' ಅಂದಳು ಅಮ್ಮ
ಬಾಯಲ್ಲಿದ್ದ ಗುಂಡುಪಿನ್ನು ತೆಗೆಯದೆ.

ಹೀಗೆ ನಾನು, ಗಾಡಿಕೊಪ್ಪದ ಟೈಲರ್ ಸುಲೋಚನಳ ಮಗಳು,
ಶಿವಮೊಗ್ಗದ ಕೋಟೆ ರಸ್ತೆಯ ಮ್ಯೂಸಿಯಮ್ಮಿನಲ್ಲಿ
ಸತ್ತ ವೀರರ ಎತ್ತರ ಬರೆಯತೊಡಗಿದೆ.
ಅಲ್ಲಿಯ ಟೇಪು ತುಕ್ಕು ಹಿಡಿದು
ನಲವತ್ತಕ್ಕೆ ನಿಂತುಬಿಡುತ್ತದೆ.
ಅಮ್ಮನದೇ ಹಳದಿ ಟೇಪು ತಂದೆ.
ಅದರ ಮೊದಲ ಇಂಚು ಸವೆದುಹೋಗಿದೆ,
ಎರಡರಿಂದ ಹಿಡಿದು ಒಂದು ಕಳೆಯಬೇಕು,
ಆಮೇಲೆ ಸೆಂಟಿಮೀಟರಿಗೆ ತಿರುಗಿಸಬೇಕು.

ಎತ್ತರ, ಅಗಲ, ದಪ್ಪ, ಸ್ಥಿತಿ, ಷರಾ.
ಸ್ಥಿತಿಗೆ ಮೂರೇ ಮಾತು: ಉತ್ತಮ, ಸಾಧಾರಣ, ಭಗ್ನ.
ಮಧ್ಯಾಹ್ನ ಮೂರರ ಬಿಸಿಲಿಗೆ
ನಾನೂ ಸಾಧಾರಣ.

ರಾತ್ರಿ ಅಮ್ಮ ಕೇಳುತ್ತಾಳೆ, ಇವತ್ತು ಯಾರು ಬಂದಿದ್ರು?
ತಲೆಯಿಲ್ಲದ ಒಬ್ಬಳು, ಅನ್ನುತ್ತೇನೆ.
'ಸರಿ, ಕುತ್ತಿಗೆ ಅಳತೆ ಉಳೀತು.'
ಎರಡೂ ತೋಳು ಮುರಿದವಳು.
'ಅರ್ಧ ಗಂಟೆ ಕೆಲಸ.'

ನಲವತ್ತೇಳನೆಯದು ಮಾಸ್ತಿಕಲ್ಲು.
ಸೊರಬದ ಕಡೆಯ ಯಾವುದೋ ಕೆರೆ ಏರಿಯದು.
ಮೇಲೆ ಗಂಡ, ಕತ್ತಿ, ಕುದುರೆ, ಎಲ್ಲ ವಿವರವಾಗಿ.
ಕೆಳಗೆ ಒಂದು ಕಂಬ.
ಕಂಬದಿಂದ ಹೊರಟ ಒಂದೇ ಕೈ,
ಮೊಣಕೈಗೆ ಮಡಚಿ ಮೇಲೆದ್ದದ್ದು,
ಬೆರಳ ಸಂದಿಯಲ್ಲಿ ನಿಂಬೆಹಣ್ಣು,
ಮುಂಗೈ ತುಂಬ ಬಳೆ.
ಅವಳದೆನ್ನುವುದು ಅಷ್ಟೇ.

ಟೇಪು ಸುತ್ತಲು ಹೋದೆ. ಬರಲಿಲ್ಲ.
ಕಲ್ಲಿಗೆ ಅಂಟಿದ ಕೈ, ಹಿಂದೆ ಜಾಗವೇ ಇಲ್ಲ.

ಗುಡಿಸುತ್ತಿದ್ದ ಗಂಗಕ್ಕ ಪೊರಕೆ ಗೋಡೆಗೊರಗಿಸಿದಳು.
ಬಳೆಗಾರರ ಮನೆಯವಳು, ಮದುವೆಗೆ ಮೊದಲು
ಅವ್ವನ ಜೊತೆ ಮಲಾರ ಹೊತ್ತು ತಿರುಗಿದವಳು.
ಒಂದು ಕಣ್ಣು ಕಿರಿದು ಮಾಡಿದಳು, ಅಷ್ಟೇ.
'ಎರಡು-ಎರಡು ಸೈಜು.
ಇದು ಹೆಂಗಸಿನ ಕೈ ಅಲ್ಲ ಕಣೇ.'
ಮತ್ತೆ ಪೊರಕೆ ಹಿಡಿದಳು.

ಅಡ್ಡಕ್ಕೆ ಟೇಪಿಟ್ಟೆ. ಎರಡೂಕಾಲು ಇಂಚು, ಬಳೆ ಸೇರಿ.

ವಾಮದೇವಪ್ಪ ಸರ್ ಕನ್ನಡಕ ಒರೆಸಿಕೊಂಡರು.
'ಕಲ್ಲು ಇದ್ದಷ್ಟಕ್ಕೆ ಕಡೆದಿರ್ತಾರಮ್ಮ.
ಪಕ್ಕದ್ದು ನೋಡು, ಆನೆ ಬೆಕ್ಕಿನಷ್ಟಿದೆ.
ಅದನ್ನೂ ಮರಿ ಅಂತ ಬರೀತೀಯಾ?'
ಅವರು ಹೇಳಿದ್ದು ಸರಿ. ಆನೆ ಬೆಕ್ಕಿನಷ್ಟೇ ಇತ್ತು.

ಆ ರಾತ್ರಿ ಅಮ್ಮ ಕೇಳಿದಾಗ
ಇವತ್ತು ಯಾರೂ ಬರಲಿಲ್ಲ ಅಂದೆ.
ಏಳನೇ ಕ್ಲಾಸಿನ ತಂಗಿ ಚಾಪೆಯಾಚೆ ಕೈ ಚಾಚಿ ಮಲಗಿದ್ದಳು,
ಮುಂಗೈಯಲ್ಲಿ ಮದರಂಗಿ, ಉಗುರಲ್ಲಿ ಮಾವಿನ ಸೊನೆ.
ಟೇಪು ಸುತ್ತಿದೆ.
ಸುತ್ತ ಬಂತು.

ಗಂಗಕ್ಕನಿಗೆ ಗುತ್ತಿಗೆಯ ಸಂಬಳ
ಮಾರ್ಚಿನದು ಮೇ ಕೊನೆಗೆ ಬಂತು.
'ನಿನಗೆಷ್ಟು ಕೊಡ್ತಾರೆ?' ಅಂದಳು ಒಮ್ಮೆ, ಬಕೆಟ್ಟು ಇಳಿಸುತ್ತ.
ನಾಲ್ಕು ಸಾವಿರ, ಅಂದೆ.
ಆ ಎರಡು ಸಾವಿರ ಇನ್ನೂ ನನ್ನ ಬಳಿ ಇದೆ,
ಖರ್ಚಾದ ಮೇಲೂ.

ನನ್ನ ಹಣ ಬಂದದ್ದು ಕಾಲೇಜು ಶುರುವಾಗಿ ಇಪ್ಪತ್ತು ದಿನಕ್ಕೆ.
ಫೀಸು ಹೋಯಿತು. ತಂಗಿಗೆ ಚಪ್ಪಲಿ.
ಅಮ್ಮನಿಗೆ ಹೊಸ ಟೇಪು ತಂದೆ, ಎರಡೂ ಬದಿ ಅಂಕಿಯದು.
ಅವಳು ಅದನ್ನು ಮೊಳೆಗೆ ತೂಗುಹಾಕಿ
ಹಳೆಯದರಲ್ಲೇ ಒಂದು ಕಳೆಯುತ್ತಾಳೆ.

ಕೊನೆಯ ದಿನ ರಿಜಿಸ್ಟರ್ ಒಪ್ಪಿಸುವ ಮೊದಲು
ನಲವತ್ತೇಳರ ಎದುರು, ಷರಾ ಕಾಲಮ್ಮಿನಲ್ಲಿ,
ಪೆನ್ಸಿಲಿನಲ್ಲಿ ಬರೆದೆ:
ಬಳೆ ಎರಡು-ಎರಡು. ಹೇಳಿದವರು ಗಂಗಕ್ಕ.

ಬರುವ ಬೇಸಿಗೆಗೆ ಇನ್ಯಾರೋ ಬರುತ್ತಾರೆ.
ರಬ್ಬರು ಮೇಜಿನ ಮೇಲೇ ಇತ್ತು.
ಪೆನ್ನೂ ಇತ್ತು.