ಏಳು ಸಾಕು

ತೌನೊ ಹೇಳಿದ: ಬೇಡ.
ಬಂಡೆ ಹತ್ತುವ ಗಾಡಿಗೆ ಇಡೀ ಅಚ್ಚೇ ಸರಿ.
ಒಂದು ಗಾಲಿ ಮೇಲೆದ್ದರೆ ಜೊತೆಯದನ್ನು
ಅದೇ ಅಚ್ಚು ನೆಲಕ್ಕೆ ಒತ್ತಿ ಹಿಡಿಯುತ್ತದೆ.
ನಾಲ್ಕನ್ನೂ ಬಿಡಿಬಿಡಿ ಬಿಟ್ಟೆಯೋ,
ಎತ್ತು ಏರಿಗೆ, ಕೋಣ ನೀರಿಗೆ.

ಲಿಫ್ಟ್ ರಿಪೇರಿ ನನಗೆ ಕಲಿಸಿದವನೇ ಅವನು.
ಕೊತ್ಕಾ ಬಂದರಿನ ಹದಿನಾರು ಕಟ್ಟಡಗಳ ಹಗ್ಗ
ಈಗ ನನ್ನ ಕೈಲಿ.
ತೂಕದ ವಿಷಯ ನನಗೂ ಒಂಚೂರು ಗೊತ್ತು ಅಂದೆ.
ಕಾಫಿಗೆ ಊದಿದ. ಅಷ್ಟೇ ಉತ್ತರ.

ನವೆಂಬರಿನಲ್ಲಿ ಸುರು ಮಾಡಿದೆ.
ಸೌನಾದ ಹೊರಕೋಣೆ, ಸೌದೆ ಸರಿಸಿ ಒಂದು ಹಲಗೆ,
ಮೂರು ಗಂಟೆಗೇ ಕತ್ತಲು.
ಅಲ್ಯುಮಿನಿಯಂ ಪಟ್ಟಿ ಕೊಯ್ದು ಎಂಟು ತೋಳು,
ಮೇಲಿನವಕ್ಕಿಂತ ಕೆಳಗಿನವು ಅರ್ಧ ಬೆರಳು ಉದ್ದ.
ಡಿಫರೆನ್ಷಿಯಲ್ಲು ಹೊಟ್ಟೆಯೊಳಗೇ ಗಟ್ಟಿ,
ಅಲ್ಲಿಂದ ಪ್ರತಿ ಗಾಲಿಗೂ ಕಡಲೆಕಾಳಿನಷ್ಟು ಕೀಲಿನ ದಂಡ.
ಎರಡು ಕೀಲು ಮೊದಲ ದಿನವೇ ಮುರಿದವು.
ಮೂರನೆಯದನ್ನು ಹಳೇ ಬೀಗದ ಉಕ್ಕಿನಿಂದ ಕಡೆದೆ.
ಡ್ಯಾಂಪರಿಗೆ ಎಣ್ಣೆ: ಸ್ಟೌ ಪಕ್ಕದಲ್ಲಿ ನೀರು,
ಬಾಗಿಲಾಚೆ, ಮೈನಸ್ ಹನ್ನೆರಡರಲ್ಲಿ, ಜೋನಿಬೆಲ್ಲ.

ಬಸ್ ಡಿಪೋ ಹಿಂದೆ ನಮ್ಮ ಬಂಡೆ.
ಹಿಮ ಎಲ್ಲಿಂದಲೋ ಹೊತ್ತು ತಂದು
ಯಾಕೆ ತಂದೆನೆಂದು ಮರೆತು ಹೋದದ್ದು.
ಕೊಳೆತ ಕಲ್ಲು ಅನ್ನುತ್ತೇವೆ ಇಲ್ಲಿ:
ಕೆಂಪು ಗ್ರಾನೈಟು, ದೂರಕ್ಕೆ ಭೀಮ,
ಅಂಚಿಗೆ ಉಗುರಿಟ್ಟರೆ ರವೆ.

ಮಾರ್ಚಿಯಲ್ಲಿ ಮೊದಲ ಸಲ ಇಳಿಸಿದೆ.
ಮುಂದಿನೆರಡೂ ಗಾಲಿ ಮೆಟ್ಟಿಲು ಮುಟ್ಟಿದವು,
ಸ್ಪ್ರಿಂಗು ಕುಗ್ಗಿತು,
ಕೆಸರು ಕಂಡ ಎಮ್ಮೆಯ ಹಾಗೆ
ಗಾಡಿ ಹೊಟ್ಟೆಯೂರಿ ಕೂತುಬಿಟ್ಟಿತು.
ತೌನೊ ನಗಲಿಲ್ಲ.
ನಕ್ಕಿದ್ದರೆ ವಾಸಿಯಿತ್ತು.

ಆಮೇಲೆ ಒಂದೊಂದೇ.
ಸ್ಪ್ರಿಂಗು ಮೆದು ಮಾಡಿದರೆ ಹೊಟ್ಟೆ ತಗಲುತ್ತದೆ,
ಗಡಸು ಮಾಡಿದರೆ ಗಾಲಿ ಗಾಳಿಯಲ್ಲಿ.
ನಿಂತಾಗಲೇ ಅರ್ಧ ಕುಗ್ಗಿರಲಿ, ಇನ್ನರ್ಧ
ಹಳ್ಳ ಸಿಕ್ಕಾಗ ಕೆಳಗೆ ಚಾಚಲಿ ಅಂತ ಇಟ್ಟೆ.
ಬ್ಯಾಟರಿ ಮೂಗಿನ ಮೇಲಕ್ಕೆ ಹೋಯಿತು.
ಮುಂಗಾಲಿಗಳೊಳಗೆ ಗಾಳದ ಸೀಸದ ಗುಂಡು.
ಹಿಂದಿನೆರಡಕ್ಕೆ ಸೈಕಲ್ ಚಕ್ರದ ಕಡ್ಡಿ ಬಗ್ಗಿಸಿ
ತೆಳ್ಳನೆಯದೊಂದು ನೆಂಟಸ್ತನ ಕಟ್ಟಿದೆ,
ಕರೆದರೆ ಓಗೊಡುವಷ್ಟು. ಅದಕ್ಕಿಂತ ಹೆಚ್ಚಲ್ಲ.

ಇನ್ನೊಂದಿತ್ತು.
ಹೋದ ಶರತ್ಕಾಲದಿಂದ ಅವನ ಬಲಗೈ ನಡುಗುತ್ತದೆ.
ಬಟ್ಟಲು ತಟ್ಟೆಗೆ ಬಡಿದು ಅವನಿಗಿಂತ ಹೆಚ್ಚು ಮಾತಾಡುತ್ತದೆ.
ನಿಂದೇ ಗಾಡಿ, ನೀನೇ ಓಡಿಸು,
ರಿಮೋಟು ಮುಟ್ಟದೆ ಆರು ತಿಂಗಳು.

ರಾತ್ರಿ ರಿಮೋಟಿನ ಪುಟ್ಟ ಪರದೆಯಲ್ಲಿ ಹುಡುಕಿದೆ.
ನಟ್ಟನಡುವೆ, ಸ್ಟಿಕ್ಕು ಅತ್ತಿತ್ತ ಅಲುಗಿದರೂ
ಗಾಡಿ ಕೇಳಿಸಿಕೊಳ್ಳದ ಒಂದು ಜಾಗವಿರುತ್ತದೆ.
ನೂರರಲ್ಲಿ ಎರಡು ಪಾಲು ಕಿವುಡಿತ್ತು.
ಒಂಬತ್ತು ಮಾಡಿದೆ. ಉಳಿಸಿ, ಆರಿಸಿ, ಮಲಗಿದೆ.

ಮೇ ಒಂದನೇ ತಾರೀಕು,
ಪಟ್ಟಣವೆಲ್ಲ ಬಿಳಿ ಟೋಪಿ ಹಾಕಿಕೊಂಡು ಕುಡಿಯುವ ದಿನ.
ಶೂ ಲೇಸು ಬಿಚ್ಚಿದೆ, ಹಿಡ್ಕೊ ಸ್ವಲ್ಪ, ಅಂದೆ.
ಹಿಡಿದ.
ಲೇಸು ಕಟ್ಟಲು ನಾನು ಬಹಳ ಹೊತ್ತು ತೆಗೆದುಕೊಂಡೆ.

ಎಡಗಾಲಿ ತನ್ನ ಕಲ್ಲು ತಾನು ಹತ್ತಿತು,
ಬಲದ್ದು ತನ್ನ ಬಿರುಕಿಗೆ ತಾನು ಇಳಿಯಿತು,
ನಡುವೆ ಒಡಲು
ತುಂಬಿದ ಟ್ರೇ ಹೊತ್ತವಳಂತೆ ಅಲುಗಲಿಲ್ಲ.
ಮೊಣಕಾಲೆತ್ತರ. ಸೊಂಟದೆತ್ತರ.
ಅಲ್ಲಿ ಅಂಚು ರವೆಯಾಗಿ ಉದುರಿ
ಹಿಂದಿನ ಬಲಗಾಲಿ ಒಂದೇ ಗಕ್ಕನೆ ಜೋತುಬಿತ್ತು.
ಉಳಿದ ಮೂರಕ್ಕೆ ಸುದ್ದಿಯೇ ತಲುಪಲಿಲ್ಲ.

ಆ ತುದಿಯಲ್ಲೇ ನಿಲ್ಲಿಸಿದ. ನೆತ್ತಿಗೆ ಇನ್ನೂ ಗೇಣು ದೂರ.
ಕಡ್ಡಿ ಇನ್ನೂ ಸಣ್ಣದು ಹಾಕು, ಅಂದ.
ರಿಮೋಟು ವಾಪಸು ಕೊಡಲಿಲ್ಲ.

ಮತ್ತೆ ಸ್ವಲ್ಪ ಹೊತ್ತಿಗೆ, ಬಂಡೆಯನ್ನೇ ನೋಡುತ್ತ:
ನಡುವಿನ ಕಿವುಡು ಎಷ್ಟಿಟ್ಟೆ, ಒಂಬತ್ತೋ?
ಏಳು ಸಾಕು.