ಕಾಣೆಯಾದ ಭಾಗ

ಹಾನಗಲ್ಲಿನಲ್ಲಿ ಬಸ್ಸಿಳಿದು, ಟಂಟಂ ಹಿಡಿದು,
ಧರ್ಮಾ ಕಾಲುವೆಯ ಏರಿಗುಂಟ ಅರ್ಧ ತಾಸು ನಡೆದರೆ
ನೀರಗಿರಣಿ.
ಬಾಗಿಲಿಗೆ ಬೀಗವಿದೆ,
ಪಕ್ಕದ ಗೋಡೆಯೇ ಇಲ್ಲ.
ನನ್ನ ಕೈಯಲ್ಲಿ ಟೇಪು, ಪೆನ್ಸಿಲ್ಲು,
ಇಲಾಖೆಯ ನಾಲ್ಕು ಪುಟದ ನಮೂನೆ.

ಕಾಲ: ಗೊತ್ತಿಲ್ಲ.
ಕಟ್ಟಿದವರು: ಗೊತ್ತಿಲ್ಲ.
ಈಗಿನ ಒಡೆಯರು: ರಾಜೇಸಾಬ ನೀರಗಿರಣಿ,
ಸೈಕಲ್ ಪಂಚರ್ ಅಂಗಡಿ, ಅಗಸಿ ಹತ್ತಿರ.
ಗೋಡೆಯಿಲ್ಲದ ಮನೆಯ ಬೀಗ ತೆಗೆಯುತ್ತ ನಕ್ಕರು:
"ಅಡ್ಡಹೆಸರೊಂದ ಉಳದೈತ್ರಿ ಮೇಡಂ.
ರೇಶನ್ ಕಾರ್ಡಿನ್ಯಾಗ ಇನ್ನೂ ತಿರಗತೈತಿ."

ಕೆಳಗೆ, ಬಾವಲಿ ವಾಸನೆಯ ಕತ್ತಲಲ್ಲಿ, ಗಾಲಿ.
ನಿಂತ ಗಾಲಿಯಲ್ಲ, ಮಲಗಿದ್ದು.
ಹನ್ನೆರಡು ಜಾಲಿಹಲಗೆ, ಏಳು ಉಳಿದಿವೆ.
ತೂಬಿನ ನೀರು ಓರೆಯಾಗಿ ಬಂದು ಬಡಿದರೆ
ಗಾಲಿ, ಗಾಲಿಯ ನೆತ್ತಿಗೆ ದಿಂಡು,
ದಿಂಡಿನ ತುದಿಗೆ ಮೇಲಿನ ಕಲ್ಲು.
ನೀರಿಗೂ ಕಲ್ಲಿಗೂ ನಡುವೆ ದಲ್ಲಾಳಿಯಿಲ್ಲ.
ಕಾಳಿನ ಬುಟ್ಟಿಗೆ ಕಟ್ಟಿದ ಒಂದು ಕೋಲು ಮಾತ್ರ
ತಿರುಗುವ ಕಲ್ಲಿನ ಬೆನ್ನು ಕುಟುಕುತ್ತ
ಜೋಳ ಉದುರಿಸುತ್ತಿತ್ತಂತೆ. ಅದರ ಹೆಸರು ಗುಬ್ಬಿ.
ಗುಬ್ಬಿ ಸುಮ್ಮನಾದರೆ ಸಾಕು,
ರಾಜೇಸಾಬರ ಅಜ್ಜನಿಗೆ ನಡುರಾತ್ರಿಯೂ ಎಚ್ಚರ.
ಡೀಸೆಲ್ ಗಿರಣಿ ಬಂದ ಮೇಲೂ
ಎಷ್ಟೋ ರಾತ್ರಿ ಹಾಗೇ ಎದ್ದು ಕೂತಿದ್ದರಂತೆ.

ಉಳಿದ ಗೋಡೆಯ ಮೇಲೆ ಕೆಮ್ಮಣ್ಣಿನ ಗೀಟು,
ಸೇರಿಗೊಂದು ಹಿಡಿ ಕೂಲಿಯ ಲೆಕ್ಕ.
ಕೊಟ್ಟಾಗಿದ್ದರೆ ಮೇಲೊಂದು ಅಡ್ಡಗೀಟು.
ಒಂದು ಸಾಲಿಗೆ ಮಾತ್ರ ಅಡ್ಡಗೀಟಿಲ್ಲ. ಯಾರದು?
"ಅದನ್ನ ಬರಕೋಬ್ಯಾಡ್ರಿ."
ಬರೆದುಕೊಳ್ಳಲಿಲ್ಲ.

ಮೇಲಿನ ಕಲ್ಲು ಅಳೆದೆ: ನಾಲ್ಕೂವರೆ ಇಂಚು.
ಹೊರಗೆ ಹುಣಸೆಯ ಬುಡದಲ್ಲಿ ಅದರದೇ ಜತೆಯದೊಂದು,
ಒಂದೇ ಬಂಡಿಯಲ್ಲಿ ಬಂದದ್ದು, ಎಂದೂ ತಿರುಗದ್ದು,
ಈಗ ಬಟ್ಟೆ ಒಗೆಯುವ ಕಲ್ಲು: ಹದಿನಾಲ್ಕು.
ನಮೂನೆಯ ಮೂರನೆಯ ಪುಟ ಕೇಳುತ್ತದೆ:
ಕಾಣೆಯಾದ ಭಾಗವಿದ್ದಲ್ಲಿ ವಿವರ.
ಒಂಬತ್ತೂವರೆ ಇಂಚು ಎಂದು ಬರೆದು
ಎಲ್ಲಿಗೆ ಹೋಯಿತೆಂದು ಜೋರಾಗಿಯೇ ಕೇಳಿಕೊಂಡೆ.

ಒಗೆಯುತ್ತಿದ್ದ ದುರಗವ್ವ ಬಂಡಿವಡ್ಡರ ತಲೆಯೆತ್ತಿದಳು.
"ಎಲ್ಲಿ ಹೊಕ್ಕೇತವ್ವ? ತಿಂದಾರ.
ತಿಂಗಳಿಗೊಮ್ಮೆ ನಮ್ಮವ್ವ ಬಂದು ಮುಳ್ಳು ಹೊಯ್ತಿದ್ಲು,
ಚಾಣ ಹಿಡದು, ನನ್ನ ಬೆನ್ನಿಗೆ ಕಟಗೊಂಡು.
ಹೊಯ್ದ ಮರುದಿನ ಹಿಟ್ಟು ಕರಕರ.
ಮೊದಲ ಐದು ಸೇರು ಯಾರೂ ಒಯ್ತಿದ್ದಿಲ್ಲ."
ಚೆಲ್ಲುತ್ತಿದ್ದರೇ?
"ಚೆಲ್ಲೂದು ಯಾಕ? ಅದ ನಮ್ಮ ಕೂಲಿ."

ಪೆನ್ಸಿಲ್ಲು ಕೈಯಲ್ಲೇ ಇತ್ತು.

ಊರಿನ ಹೊಟ್ಟೆಗೆ ಕಲ್ಲು ಇಷ್ಟಿಷ್ಟೇ ಸೇರಿತು,
ಉಗುರಿನಷ್ಟು, ಧೂಳಿನಷ್ಟು.
ಕೇರಿಯ ಹೊಟ್ಟೆಗೆ ಹಿಡಿಹಿಡಿಯಾಗಿ.

ಹೋದ ವಾರ ಧಾರವಾಡದ ಸಭೆಯಲ್ಲಿ ತೀರ್ಮಾನವಾಗಿದೆ:
ಸುತ್ತ ಕಬ್ಬಿಣದ ಜಾಳಿಗೆ, ಒಂದು ಫಲಕ,
ಸಂಜೆಗೆ ಹಳದಿ ದೀಪ. ನೀರು ಬಿಡಕೂಡದು,
ತಿರುಗಿದರೆ ಸವೆಯುತ್ತದೆ.
ಅದನ್ನೂ ಹೇಳಿದೆ. ದುರಗವ್ವ ಸೀರೆ ಹಿಂಡುತ್ತಲೇ ಅಂದಳು:
"ಸವೀಲಾರದ ಕಲ್ಲು ಇಲ್ಲೇ ಐತಲ್ಲ.
ಇದನ್ನ ಒಯ್ದು ಇಟ್ಟಕೋರಿ.
ನಾವು ಬ್ಯಾರೆ ಕಡೆ ಒಗಿತೀವಿ."

ರಾಜೇಸಾಬರು ನಗಲಿಲ್ಲ ಈ ಸಲ.
ಒಳಗೆ ಹೋಗಿ ಗುಬ್ಬಿಯನ್ನು ಬೆರಳಿಂದ ಒಮ್ಮೆ ಕುಟುಕಿಸಿ ನೋಡಿದರು.
ಬುಟ್ಟಿಯ ಸಂದಿಯಿಂದ ಎಂದಿನದೋ ಒಂದು ಜೋಳ
ಉದುರಿ, ಕಲ್ಲಿನ ಕಣ್ಣಿಗೆ ಬಿತ್ತು.

ಅಷ್ಟರಲ್ಲಿ ಅವಳು ಒದ್ದೆ ಕೈಯಲ್ಲೇ ಬಂದು ಕುಕ್ಕರಗಾಲಲ್ಲಿ ಕೂತು,
ನನ್ನ ಟೇಪು ಸರಿಸಿ, ಒಂದು ಹಳೆಯ ಮೊಳೆಯಿಂದ
ಟಕ್ ಟಕ್ ಎಂದು ನಾಲ್ಕು ಮುಳ್ಳು ಹೊಯ್ದು ತೋರಿಸಿದಳು.
ಸ್ಮಾರಕಕ್ಕೆ ಹಾನಿ.
ನಾನು ತಡೆಯಬೇಕಿತ್ತು.
ಎದ್ದ ಪುಡಿಯನ್ನು ನನ್ನ ಅಂಗೈಗೆ ಸವರಿ
"ನೋಡು" ಅಂದಳು. ನೋಡು ಅಂದರೆ ಏನೆಂದು
ತಿಳಿಯದೆ, ನಾಲಿಗೆಗೆ ಹಚ್ಚಿಕೊಂಡೆ.

ಶಿಗ್ಗಾವಿ ದಾಟುವವರೆಗೂ ಹಲ್ಲಿನ ನಡುವೆ ಕರಕರ.
ನಮೂನೆ ತೊಡೆಯ ಮೇಲಿದೆ.
ಅಳತೆಯ ಮುಂದೆ ವಿವರಕ್ಕೆ ಎರಡು ಗೆರೆ ಜಾಗ ಬಿಟ್ಟಿದ್ದಾರೆ,
ಎರಡೇ ಗೆರೆ.